ಬಿರುಕು ಬಿಟ್ಟ ಹಲಸಿನ ತುಂಡನ್ನು ಲೇಥ್‌ಗೆ ಹಾಕಬಹುದೇ?

10 ಇಂಚು ಅಗಲ, 4 ಇಂಚು ದಪ್ಪದ ಒಣಗಿದ ಹಲಸಿನ ತುಂಡು, ಅಂಚಿನಿಂದ ಒಳಕ್ಕೆ 3 ಇಂಚು ಬಿರುಕು. ಫೆವಿಕ್ವಿಕ್ ಸುರಿದು, ಲೇಥ್‌ನಲ್ಲಿ (ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ) ಬಟ್ಟಲು ಕಡೆಯಬಹುದೇ ಎಂಬುದು ನಿಮ್ಮ ಪ್ರಶ್ನೆ. ಫೆವಿಕ್ವಿಕ್ ನಂಬಿಕೊಂಡು ಬೇಡ. ಆ ತುಂಡಿನಿಂದ ಬಟ್ಟಲು ಬಹುಶಃ ಬರುತ್ತದೆ, ಆದರೆ 10 ಇಂಚಿನದಲ್ಲ.

ಎಲ್ಲರೂ ಮೊದಲು ನೋಡುವುದು ಬಿರುಕಿನ ಅಗಲ. ನಾನು ನೋಡುವುದು ಅದು ಸಾಗುತ್ತಿರುವ ದಾರಿ. ಪೆನ್ಸಿಲ್ ಹಿಡಿದು ಬಿರುಕಿನ ಗೆರೆಯನ್ನು ನಾರಿನ ಜಾಡಿನಲ್ಲೇ ತುಂಡಿನ ಆಚೆ ಅಂಚಿನವರೆಗೆ ಎಳೆಯಿರಿ. ಮರ ಆ ಗೆರೆಯ ಮೇಲೆ ಪೂರ್ತಿ ಸೀಳಿತು ಎಂದೇ ಇಟ್ಟುಕೊಳ್ಳಿ. ಕಳಚಿ ಬೀಳುವ ಭಾಗ ಎಷ್ಟು ದೊಡ್ಡದು, ಅದನ್ನು ಯಾವುದು ಹಿಡಿದಿರುತ್ತದೆ? ಬಿರುಕು ನಡುಮಧ್ಯದಲ್ಲಿ ಹಾದುಹೋದರೆ ಎರಡೂ ಹೋಳುಗಳ ಬುಡ ಚಕ್‌ನ (ಲೇಥ್‌ನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಭಾಗ) ದವಡೆಯೊಳಗೆ ಸ್ವಲ್ಪವಾದರೂ ಇರುತ್ತದೆ. ಕೇಂದ್ರದಿಂದ 2 ಇಂಚು ಆಚೆ ಹಾದುಹೋದರೆ, ಹೊರಗಿನ ಆ ಹೋಳಿಗೆ ದವಡೆಯ ಹಿಡಿತವೇ ಇಲ್ಲ. ಬರೀ ಮರದ ನಾರು ಹಿಡಿದಿರುತ್ತದೆ. ಹಾಗಾಗಿ ನಡುವಿನ ಬಿರುಕು ನೋಡಲು ಭಯಂಕರ, ಪಕ್ಕದ ಬಿರುಕು ನಿಜಕ್ಕೂ ಭಯಂಕರ.

ಮೂರನೆಯ ಬಗೆಯೊಂದಿದೆ: ಬೆಳವಣಿಗೆಯ ಉಂಗುರದ ಗುಂಟ, ಈರುಳ್ಳಿ ಪದರ ಬಿಟ್ಟ ಹಾಗೆ ಬಾಗಿ ಹೋಗುವ ಬಿರುಕು. ಒಣಗುವಾಗ ಬರುವ ಮಾಮೂಲಿ ಬಿರುಕು ತಿರುಳಿನ ಕಡೆಗೆ ನೇರ ಹೋಗುತ್ತದೆ. ಮರ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಅದರಿಂದ ಹುಟ್ಟುವ ಸೀಳು ಅದು. ಉಂಗುರ ಬಿರುಕು ಹಾಗಲ್ಲ, ಬಹಳ ಸಲ ಮರ ನಿಂತಿರುವಾಗಲೇ ಒಳಗೆ ಆಗಿರುತ್ತದೆ. ಒಂದು ಕಂಡರೆ ಇನ್ನೆರಡು ಕಾಣದೆ ಇವೆ ಎಂದೇ ತಿಳಿಯಿರಿ. ಇಂಥ ತುಂಡನ್ನು ನಾನು ಯಾವ ವೇಗದಲ್ಲೂ ಲೇಥ್‌ಗೆ ಹಾಕುವುದಿಲ್ಲ.

ಬಿರುಕಿನ ನಿಜವಾದ ತುದಿ ಕಣ್ಣಿಗೆ ಬೀಳುವುದಿಲ್ಲ. ಮೇಲ್ಮೈಯನ್ನು ಉಜ್ಜಿ ಧೂಳು ಕೊಡವಿ, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸುತ್ತಲಿನ ಮರ ಬೇಗ ಆರುತ್ತದೆ, ಬಿರುಕಿನೊಳಗೆ ಇಳಿದದ್ದು ನಿಧಾನವಾಗಿ ಆರುತ್ತದೆ. ಕೂದಲೆಳೆಯಷ್ಟು ಸೀಳೂ ಕಪ್ಪು ಗೆರೆಯಾಗಿ ಉಳಿಯುತ್ತದೆ. ಎರಡೂ ಮುಖ ಮತ್ತು ಅಂಚಿಗೆ ಹೀಗೆ ಮಾಡಿ, ಗೆರೆ ಗುರುತು ಹಾಕಿ. ಸ್ಪಿರಿಟ್ ಪೂರ್ತಿ ಆರುವ ತನಕ ಬೆಂಕಿ, ಗ್ರೈಂಡರ್ ಹತ್ತಿರ ಬೇಡ. ಆಮೇಲೆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ತಿರುಚಿ ನೋಡಿ. ಬಿರುಕು ಕಿರ್ ಎಂದರೆ, ಬಾಯಿ ಕೂದಲಷ್ಟು ತೆರೆದು ಮುಚ್ಚಿದರೆ ಅಲ್ಲಿಗೆ ತೀರ್ಮಾನವಾಯಿತು, ಆ ತುಂಡನ್ನು ಹಾಗೆಯೇ ಲೇಥ್‌ಗೆ ಹಾಕುವಂತಿಲ್ಲ. ತೂಗುಬಿಟ್ಟು ಗೆಣ್ಣಿನಿಂದ ಬಡಿದಾಗ ಠಣ್ ಎನ್ನದೆ ಬೊದ್ದು ಸದ್ದು ಬಂದರೂ ಅನುಮಾನಿಸಿ. ಆದರೆ ಹಸಿ ಮರವೂ ಬೊದ್ದಾಗಿಯೇ ಕೇಳಿಸುತ್ತದೆ, ಹಾಗಾಗಿ ಸದ್ದೊಂದನ್ನೇ ನಂಬಬೇಡಿ.

ಇನ್ನು ಅಂಟು. ಫೆವಿಕ್ವಿಕ್ ಜಾತಿಯ ಅಂಟು ತೆಳು, ಗಟ್ಟಿಯಾದ ಮೇಲೆ ಪೆಡಸು. ಬಾಯಿಯ ಹತ್ತಿರ ಬೇಗ ಹಿಡಿದುಕೊಂಡು ಬಹಳ ಸಲ ತುದಿಗೆ ತಲುಪುವುದೇ ಇಲ್ಲ, ಸೀಳು ಮುಂದುವರಿಯುವುದು ಮಾತ್ರ ತುದಿಯಿಂದಲೇ. ಮೇಲ್ಗಡೆ ಮುಚ್ಚಿಹೋಗಿ ಬಿರುಕು ಕಾಣದಂತಾಗುವುದು ಇನ್ನೂ ಕೆಟ್ಟದ್ದು. (ಒರೆಸಲು ಹತ್ತಿ ಬಟ್ಟೆ ಬಳಸಬೇಡಿ, ಆ ಅಂಟು ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗಬಹುದು.) ಅರಾಲ್ಡೈಟ್‌ಗೆ ಕಾಫಿಪುಡಿ ಬೆರೆಸಿ ತುಂಬುವುದು ಚೆಂದಕ್ಕೆ ಸರಿ, ಬಲಕ್ಕಲ್ಲ. ನಿಜವಾದ ರಿಪೇರಿ ಬೇಕಿದ್ದರೆ ಬಿರುಕಿನ ಮೇಲೆಯೇ ತುಂಡನ್ನು ಪೂರ್ತಿ ಕೊಯ್ದು, ಎರಡೂ ಮುಖಕ್ಕೆ ಕೀಸುಳಿ ಹಾಕಿ ಬೆಳಕು ತೂರದಂತೆ ಸಮ ಮಾಡಿ, ಫೆವಿಕಾಲ್ ಹಚ್ಚಿ 24 ಗಂಟೆ ಕ್ಲಾಂಪ್‌ನಲ್ಲಿ ಬಿಡಿ. ಒಣಗಿದ ಮರದಲ್ಲಿ ನಾರಿನ ಗುಂಟ ಹೀಗೆ ಕೂಡಿಸಿದ ಬೆಸುಗೆ ಮರದಷ್ಟೇ ಗಟ್ಟಿ.

ನಿಮ್ಮ ತುಂಡಿಗೆ ಸುಲಭದ ದಾರಿ ಬೇರೆ ಇದೆ. ಬಿರುಕು ನಾರಿನ ತುದಿ ಕಾಣುವ ಅಂಚಿನಿಂದ ಹೊರಟಿದ್ದರೆ, ಕಣ್ಣಿಗೆ ಕಾಣುವ 3 ಇಂಚಿನ ಮೇಲೆ ಇನ್ನೊಂದು ಇಂಚು ಸೇರಿಸಿ ಅಡ್ಡ ಕೊಯ್ದು ತೆಗೆಯಿರಿ. ಕೊಯ್ದ ಮುಖಕ್ಕೆ ಮತ್ತೆ ಸ್ಪಿರಿಟ್ ಒರೆಸಿ. ಗೆರೆ ಇದ್ದರೆ ಇನ್ನರ್ಧ ಇಂಚು ತೆಗೆಯಿರಿ. ಗೆರೆ ಇಲ್ಲದಿದ್ದರೆ 6 ಇಂಚಿನ ಗಟ್ಟಿ ಬಟ್ಟಲು ಸಿಗುತ್ತದೆ. ತುಂಡಿನೊಳಗೆ ತಿರುಳು ಉಳಿದಿದ್ದರೆ ಅದನ್ನೂ ಎರಡೂ ಪಕ್ಕಕ್ಕೆ ಅರ್ಧರ್ಧ ಇಂಚು ಬಿಟ್ಟು ಕೊಯ್ದು ಹಾಕಿ. ಮುಂದಿನ ಬಿರುಕು ಅಲ್ಲಿಂದಲೇ ಹೊರಡುವುದು.

ಹಿಡಿತದ ವಿಷಯ. ದವಡೆಗಳು ಟೆನನ್‌ನ (ಹಿಡಿತಕ್ಕೆಂದು ತುಂಡಿನ ಬುಡದಲ್ಲಿ ಕಡೆದ ದುಂಡು ಗೂಟ) ಹೊರಗಿನಿಂದ ಬಿಗಿಯಬೇಕು. ಗುಳಿ ಕೊರೆದು ಒಳಗಿನಿಂದ ಹಿಗ್ಗಿಸುವ ಪದ್ಧತಿ ಬಿರುಕಿಗೆ ಬೆಣೆ ಹೊಡೆದಂತೆ. ಟೆನನ್‌ನಲ್ಲೇ ಬಿರುಕಿದ್ದರೆ ಆ ಬುಡ ಕತ್ತರಿಸಿ ಹೊಸದು ಮಾಡಿ. ಕೋಲು, ಕಾಲು, ಲಟ್ಟಣಿಗೆ ಕಡೆಯುವಾಗ ಉದ್ದುದ್ದ ಬಿರುಕು ಇಷ್ಟು ಅಪಾಯಕಾರಿಯಲ್ಲ, ನಾರು ಎರಡೂ ತುದಿಯವರೆಗೆ ಹೋಗಿರುತ್ತದೆ. ಆದರೆ ತುದಿಗೆ ಚುಚ್ಚಿಕೊಂಡು ಮರವನ್ನು ತಿರುಗಿಸುವ, ಹಲ್ಲಿರುವ ಡ್ರೈವ್ ಸೆಂಟರ್‌ನ ಅಲಗು ಬಿರುಕಿನ ಸಾಲಿನಲ್ಲಿ ಕೂತರೆ ಅದೇ ಸೀಳುತ್ತದೆ, ಅಡ್ಡಲಾಗಿ ಕೂರಿಸಿ. ಚನ್ನಪಟ್ಟಣದವರು ಸಣ್ಣ ಆಲೆ ಮರದ ತುಂಡನ್ನು ನಿರಾಳವಾಗಿ ಕಡೆಯುವುದನ್ನು ನೋಡಿ ದೊಡ್ಡ ಬಟ್ಟಲಿಗೆ ಅದೇ ಧೈರ್ಯ ತರಬೇಡಿ. ತೂಕವೂ ಅಂಚಿನ ವೇಗವೂ ಅಲ್ಲಿ ಬೇರೆ.

ಲೆಕ್ಕ ಹೀಗೆ: ಬಿರುಕಿಲ್ಲದ ಗಟ್ಟಿ ಮರಕ್ಕೆ ಇಂಚಿನಲ್ಲಿ ವ್ಯಾಸ ಮತ್ತು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿದರೆ 6000ದಿಂದ 9000ದ ಒಳಗಿರಬೇಕು. 6 ಇಂಚಿಗೆ 1000ದಿಂದ 1500. ನಿಮ್ಮ 10 ಇಂಚಿನ ತುಂಡು, ಸುಮಾರು 3 ಕಿಲೋ ತೂಕದ್ದು, 1000 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಗಂಟೆಗೆ 48 ಕಿಲೋಮೀಟರ್. ವೇಗ ಅರ್ಧ ಮಾಡಿದರೆ ಹೊಡೆತದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಅನುಮಾನದ ಮರಕ್ಕೆ ನಾನು ಮೇಲಿನ ಲೆಕ್ಕದ ಅರ್ಧ ದಾಟುವುದಿಲ್ಲ, ಒಳಗೆ ತೋಡುವ ಹಂತ ಬರುವವರೆಗೂ ಟೇಲ್‌ಸ್ಟಾಕ್ (ಚಕ್‌ನ ಎದುರಿನಿಂದ ತುಂಡಿಗೆ ಆಸರೆ ಕೊಡುವ ಭಾಗ) ಒತ್ತಿರುತ್ತದೆ.

ಕೈಯಲ್ಲಿ ಒಂದು ಸುತ್ತು ತಿರುಗಿಸಿ ಟೂಲ್ ರೆಸ್ಟ್‌ಗೆ (ಉಳಿ ಊರುವ ಕಟ್ಟೆ) ತಾಗದ್ದನ್ನು ನೋಡಿ, ಅತಿ ಕಡಿಮೆ ವೇಗದಲ್ಲಿ ಸ್ವಿಚ್ ಹಾಕಿ. ಆಗ ಹೆಡ್‌ಸ್ಟಾಕ್‌ನ (ಚಕ್ ಕೂತಿರುವ, ತಿರುಗಿಸುವ ತುದಿ) ಪಕ್ಕಕ್ಕೆ ನಿಲ್ಲಿ. ತುಂಡು ತಿರುಗುವ ನೇರದಲ್ಲಿ ನೀವೂ ಬೇಡ, ನೋಡಲು ಬಂದವರೂ ಬೇಡ. ಕನ್ನಡಕ ಸಾಲದು, ಗಲ್ಲದವರೆಗೆ ಮುಚ್ಚುವ ಫೇಸ್ ಶೀಲ್ಡ್ ಹಾಕಿ, ಅದೂ ಒಂದೂವರೆ ಕಿಲೋ ಹೋಳನ್ನು ತಡೆಯುವುದಿಲ್ಲ. ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಗುರುತು ಹಾಕಿದ ಜಾಗ ನೋಡಿ. ಉಳಿ ತಾಗುವಾಗ ಟಿಕ್ ಟಿಕ್ ಶುರುವಾದರೆ, ಇಲ್ಲವೇ ಇದುವರೆಗೆ ಇಲ್ಲದ ನಡುಕ ಬಂದರೆ, ಉಳಿಯನ್ನು ಹಿಂದಕ್ಕೆಳೆದು ಲೇಥ್ ಆರಿಸಿ. ತಿರುಗುವ ಮರದ ಮೇಲಿಂದ ಕೈ ಚಾಚದೆ ಆರಿಸಲು ಆಗುವಂತೆ ಸ್ವಿಚ್ ಎಲ್ಲಿದೆ ಎಂಬುದನ್ನು ಶುರುವಿಗೆ ಮುಂಚೆಯೇ ನೋಡಿಕೊಂಡಿರಿ.