ಬಾಣಂತನ ಮುಗಿದ ಮೇಲಿನ ತಿಂಗಳುಗಳು

ತಂಗಿ, ಮೂರು ತಿಂಗಳ ಬಸುರಿ, ಮುಂದಿನ ತಿಂಗಳು ಮಂಡ್ಯ ಬಿಟ್ಟು ಅಮೆರಿಕದ ಓಹಿಯೋಗೆ ಹೊರಟಿದ್ದೀನಿ ಅಂತ ಬರೆದಿದ್ದೀಯ. "ಸಿಸೇರಿಯನ್ ಆದರೆ ಅಲ್ಲಿ ಅಮಲಿನ ಮಾತ್ರೆ ಕೊಡ್ತಾರಂತೆ, ಚಟ ಹಿಡಿಯುತ್ತಂತೆ, ನಿಜಾನಾ ಅಕ್ಕ?" ಅಂತಲೂ ಕೇಳಿದ್ದೀಯ. ನಾನು ಮೈಸೂರಿನವಳು. ಇಲ್ಲಿಗೆ ಬಂದು 14 ವರ್ಷ ಆಯಿತು, ಎರಡು ಹೆರಿಗೆಯೂ ಇಲ್ಲೇ.

ಕೊಡುವುದು ನಿಜ, ಆಕ್ಸಿಕೋಡೋನ್ ಅಂತ, ಅಫೀಮಿನ ಜಾತಿಯ ನೋವಿನ ಮಾತ್ರೆ. ಐಬುಪ್ರೊಫೆನ್, ಪ್ಯಾರಸಿಟಮಾಲ್ ಹೊತ್ತುಹೊತ್ತಿಗೆ ತೆಗೆದುಕೊಂಡರೆ ಎಷ್ಟೋ ಜನಕ್ಕೆ ಅದೇ ಸಾಕಾಗುತ್ತದೆ. ಸಾಲದಿದ್ದರೆ ಡಾಕ್ಟರ್ ಹೇಳಿದಷ್ಟು ಆಕ್ಸಿಕೋಡೋನ್, ಕೆಲವೇ ದಿನ. ಮುಂಚೆ ಇಂಥ ಮಾತ್ರೆ ಮುಟ್ಟದವರಲ್ಲಿ, ಸಿಸೇರಿಯನ್ ಆದ ಸುಮಾರು 300 ಜನಕ್ಕೆ ಒಬ್ಬರಿಗೆ ಅದು ಬಿಡದೆ ಅಂಟಿಕೊಳ್ಳುತ್ತದೆ. ಹಾಗಂತ ಸುಮ್ನೆ ನೋವು ನುಂಗಿಕೊಂಡು ಕೂರಬೇಡ. ಮಗು ಎತ್ತಬೇಕು, ಹಾಲು ಕೊಡಬೇಕು ಅಲ್ವಾ? ಉಳಿದ ಮಾತ್ರೆ ಮಾತ್ರ ಡಬ್ಬಿಯಲ್ಲಿ ಎತ್ತಿಡದೆ, ವಾಪಸ್ ತೆಗೆದುಕೊಳ್ಳುವ ಫಾರ್ಮಸಿಗೆ ಕೊಟ್ಟುಬಿಡು.

ನನಗೆ ಜಾಸ್ತಿ ಭಯ ಇರುವುದು ಆಮೇಲಿನ ತಿಂಗಳುಗಳದ್ದು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು. ಮೋಟೆಲಿನಲ್ಲಿ ರೂಮು ಗುಡಿಸುವ ಕೆಲಸ. ಅವಳಿಗೆ ಇಂಥ ಮಾತ್ರೆಯ ಚಟ ಇತ್ತು. ಬಸುರಿಯಾದಾಗ ಬುಪ್ರೆನಾರ್ಫಿನ್ ಅನ್ನುವ, ಚಟ ಬಿಡಿಸುವ ಔಷಧಿ ತೆಗೆದುಕೊಂಡು ಬಿಟ್ಟಿದ್ದಳು. ಬಸುರಿಯರಿಗೆ ಡಾಕ್ಟರುಗಳು ಕೊಡುವ ಔಷಧಿಯೇ ಅದು, ಮೆಥಡೋನ್ ಕೂಡ. ಒಂದೇ ಸಲಕ್ಕೆ ಎಲ್ಲ ನಿಲ್ಲಿಸುವುದೇ ಅಪಾಯ. ಹೆರಿಗೆ ಆದ ಮೇಲೆ ಮಗು ನೋಡಿಕೊಳ್ಳುವವರಿಲ್ಲ, ಕ್ಲಿನಿಕ್‌ಗೆ ಎರಡು ಬಸ್ಸು ಹಿಡಿಯಬೇಕು. ಔಷಧಿ ತಪ್ಪಿತು, ಮತ್ತೆ ಚಟಕ್ಕೆ ಬಿದ್ದಳು.

ಮಗುವಿಗೆ ಎಂಟು ತಿಂಗಳು. ಒಂದು ಸಂಜೆ ಅಳು ನಿಲ್ಲಲೇ ಇಲ್ಲ. ಇಳಿದು ಹೋದರೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ತುಟಿ ನೀಲಿ. ಗೊರಕೆಯ ಹಾಗೆ ಅಪರೂಪಕ್ಕೊಂದು ಉಸಿರು. ಫ್ರಿಜ್ ಮೇಲೆ ಅವಳೇ ಇಟ್ಟುಕೊಂಡಿದ್ದ ನಾರ್ಕಾನ್ ಸ್ಪ್ರೇ ಇತ್ತು, ಇಂಥ ಅಮಲು ಮಿತಿಮೀರಿದಾಗ ಇಳಿಸಿ ಉಸಿರು ಮರಳಿಸುವ ಮೂಗಿನ ಔಷಧಿ. ಒಂದು ಹೊಳ್ಳೆಗೆ ಒತ್ತಿ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದೆ. ಎರಡು ಮೂರು ನಿಮಿಷ ಕಾದು ಇನ್ನೊಂದು ಹೊಳ್ಳೆಗೆ ಎರಡನೆಯದು. ಸೊಂಟದ ಮೇಲೆ ಅವಳ ಮಗು, ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ಅವಳು ಜೋರಾಗಿ ಉಸಿರೆಳೆದಳು. ಆ ಸದ್ದು ಈಗಲೂ ಕಿವಿಯಲ್ಲಿದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ. ಉಳಿದುಕೊಂಡಳು.

ಚಟ ಬಿಟ್ಟವರು ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ಮೈ ತಡೆಯುವುದಿಲ್ಲ. ಬೀದಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಎಷ್ಟೋ ಸಲ ಫೆಂಟನಿಲ್ ಅನ್ನುವ, ಅದೇ ಜಾತಿಯ ಇನ್ನೂ ಕಡು ಅಮಲು ಬೇರೆ ಬೆರೆತಿರುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ಚಟದ ಕಾಯಿಲೆ ಇದ್ದ ತಾಯಂದಿರ ಲೆಕ್ಕ ತೆಗೆದಾಗ, ಓವರ್‌ಡೋಸ್ ಅತಿ ಹೆಚ್ಚು ಕಂಡದ್ದು ಹೆರಿಗೆಯಾದ 7ರಿಂದ 12ನೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಎಲ್ಲರೂ ಮಗುವನ್ನಷ್ಟೇ ವಿಚಾರಿಸುತ್ತಿರುತ್ತಾರೆ. ಬಡವರ ಸರ್ಕಾರಿ ವಿಮೆ ಮೆಡಿಕೇಯ್ಡ್ ಮುಂಚೆ ಹೆರಿಗೆಯ ಮೇಲೆ 60 ದಿನಕ್ಕೇ ಮುಗಿಯಬಹುದಿತ್ತು. ಈಗ ಬಹುತೇಕ ರಾಜ್ಯಗಳಲ್ಲಿ ಒಂದು ವರ್ಷ. ಕೆಲವು ರಾಜ್ಯಗಳಲ್ಲಿ ಬಸುರಿ ಅಮಲು ತೆಗೆದುಕೊಂಡರೆ ಮಗುವಿಗೆ ಮಾಡಿದ ಹಿಂಸೆ ಅಂತ ಲೆಕ್ಕ. ಮಗು ಕಿತ್ತುಕೊಂಡಾರು ಅಂತ ಹೆದರಿ ಹೆಂಗಸರು ಡಾಕ್ಟರ ಹತ್ತಿರವೇ ಹೋಗುವುದಿಲ್ಲ. ಇದು ನನಗೆ ತುಂಬಾ ಸಂಕಟ ಕೊಡುತ್ತದೆ.

ಊರಿನಲ್ಲಾದರೆ 42 ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೇ ಬಂದು ನೋಡಿ ಹೋಗುತ್ತಾಳೆ. ಇಲ್ಲಿ ನಿಮ್ಮಮ್ಮ ಬಾಣಂತನ ಮುಗಿಸಿ ವಿಮಾನ ಹತ್ತಿದ ದಿನದಿಂದ ನೀನು ಒಬ್ಬಳೇ. ಮನಸ್ಸು ಕುಗ್ಗಿದರೆ ತಾಯಂದಿರಿಗೆಂದೇ 1-833-852-6262 ಇದೆ. ಹಗಲೂ ರಾತ್ರಿ, ಪುಕ್ಕಟೆ. ನಾರ್ಕಾನ್ 2023ರಿಂದ ಡಾಕ್ಟರ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗುತ್ತದೆ. ಒಂದು ತಂದಿಡು, ನಿನಗೆ ಬೇಕಾಗದಿದ್ದರೂ ಪಕ್ಕದ ಮನೆಗೆ ಬೇಕಾಗಬಹುದು. ಬಂದಿಳಿದ ತಕ್ಷಣ ನನಗೆ ಫೋನ್ ಮಾಡು.