ಬೋ ನದಿಯ ದಂಡೆಗೆ ನಾಲ್ಕು ಗಿಡ ನೆಟ್ಟರೆ ಏನಾದೀತು?

ಪ್ರಶ್ನೆ: ನಾನು ಮಂಡ್ಯದ ಕಡೆಯವಳು. ಎರಡು ವರ್ಷದಿಂದ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಹಿಮನದಿಯಲ್ಲಿ ಹುಟ್ಟುವ ಬೋ ನದಿ ಊರ ನಡುವೆಯೇ ಹರಿಯುತ್ತದೆ. ಆದರೂ ನೀರು ಉಳಿಸಿ ಎಂಬ ಮಾತು ಇಲ್ಲಿ ನಿಲ್ಲುವುದೇ ಇಲ್ಲ. ಬಡಾವಣೆಯ ಸ್ವಯಂಸೇವಕರು ದಂಡೆಯಲ್ಲಿ ವಿಲೋ ಗಿಡ ನೆಡಲು ಕರೆದಿದ್ದಾರೆ. ನಾಲ್ಕು ಗಿಡದಿಂದ ಇಷ್ಟು ದೊಡ್ಡ ನದಿಗೆ ಏನಾದೀತು? ಕಾವೇರಿಯಂಥ ಹಂಚಿಕೆಯ ತಗಾದೆ ಇಲ್ಲಿಯೂ ಇದೆಯೇ?

ಉತ್ತರ: ಖಂಡಿತ ಹೋಗಿ ನೆಡಿ. ಮೊದಲು ಹಿಮನದಿಯ ಮಾತು. ಬೋ ಹುಟ್ಟುವುದು ಹಿಮನದಿಯ ಬುಡದಲ್ಲಿ ನಿಜ, ಆದರೆ ವರ್ಷವಿಡೀ ಹರಿಯುವ ನೀರಿನಲ್ಲಿ ಅದರ ಪಾಲು ತೀರಾ ಸಣ್ಣದು. ಚಳಿಗಾಲದಲ್ಲಿ ರಾಕಿ ಪರ್ವತಗಳ ಮೇಲೆ ಬಿದ್ದ ಹಿಮ ಕರಗಿದರೇ ನದಿ ತುಂಬುವುದು. ಜೂನ್‌ನಲ್ಲಿ ಉಕ್ಕುವ ಹೊಳೆ ಆಗಸ್ಟ್ ಹೊತ್ತಿಗೆ ಇಳಿದಿರುತ್ತದೆ, ಹುಲ್ಲುಹಾಸಿಗೂ ಕೆಳಗಿನ ಹೊಲಗಳಿಗೂ ನೀರು ಬೇಕಾಗುವುದು ಆಗಲೇ. ಪರ್ವತ ದಾಟಿದ ಮೇಲೆ ನದಿ ಸಾಗುವುದು ಮಳೆ ಕಡಿಮೆಯಿರುವ ಪ್ರೇರಿ ಬಯಲಿನಲ್ಲಿ.

ತಗಾದೆಯೂ ಇದೆ. 1894ರ ಕಾನೂನಿನಿಂದ ಬಂದ ನಿಯಮದಂತೆ ಇಲ್ಲಿ ನೀರೆತ್ತಲು ಮೊದಲು ಪರವಾನಗಿ ಪಡೆದವನಿಗೇ ಮೊದಲ ಹಕ್ಕು. ಬರ ಬಂದರೆ ಹಳೆಯ ಪರವಾನಗಿದಾರ ತನ್ನ ಪಾಲನ್ನು ಪೂರ್ತಿ ಎತ್ತಿಕೊಳ್ಳಬಹುದು, ಹೊಸಬ ಬರಿಗೈಯಲ್ಲಿ ನಿಲ್ಲಬೇಕು. ಇದರ ಮೇಲೆ 1969ರ ಒಪ್ಪಂದದಂತೆ ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯ ಸಹಜ ಹರಿವಿನ ಅರ್ಧವನ್ನು ಪಕ್ಕದ ಸಸ್ಕಾಚೆವಾನ್ ಪ್ರಾಂತ್ಯಕ್ಕೆ ಬಿಡಬೇಕು. 2006ರಲ್ಲಿ ಬೋ, ಓಲ್ಡ್‌ಮನ್ ಮತ್ತು ದಕ್ಷಿಣ ಸಸ್ಕಾಚೆವಾನ್ ನದಿಗಳ ಕೊಳ್ಳಗಳಲ್ಲಿ ಹೊಸ ಪರವಾನಗಿಯ ಅರ್ಜಿಗಳನ್ನೇ ನಿಲ್ಲಿಸಲಾಯಿತು.

ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಬರ ಬಂದಾಗ ಜನ ನಡೆದುಕೊಂಡ ರೀತಿ. 2001ರ ಬರದಲ್ಲಿ ದಕ್ಷಿಣ ಆಲ್ಬರ್ಟಾದ ಹಳೆಯ ಹಕ್ಕುದಾರರು ಕಾನೂನು ಕೊಟ್ಟ ಪೂರ್ಣ ಪಾಲನ್ನು ಹಿಡಿದುಕೊಳ್ಳದೆ, ಹೊಸಬರೊಂದಿಗೆ ಕೊರತೆಯನ್ನು ಹಂಚಿಕೊಂಡರು. 2024ರ ಏಪ್ರಿಲ್‌ನಲ್ಲಿ ಬರದ ಭಯ ಮತ್ತೆ ಎದುರಾದಾಗ, ನೀರಾವರಿ ಮಂಡಳಿಗಳು ಮತ್ತು ನಗರಗಳು ಸೇರಿದಂತೆ 38 ದೊಡ್ಡ ಪರವಾನಗಿದಾರರು ಸ್ವಯಂಪ್ರೇರಣೆಯಿಂದ ನಾಲ್ಕು ಹಂಚಿಕೆ ಒಪ್ಪಂದಗಳಿಗೆ ಸಹಿ ಹಾಕಿದರು. ನಾಲೆಯ ಕೊನೆ ಭಾಗದ ರೈತರ ಕಷ್ಟ ಕಂಡಿರುವ ನಿಮಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ. ನೀರಿರುವಾಗಲೇ ಎದುರುಬದುರು ಕುಳಿತು ಮಾತಾಡಿದ ರೂಢಿ ಬರಗಾಲದಲ್ಲಿ ಕೈಹಿಡಿಯುತ್ತದೆ.

ಈಗ ಗಿಡದ ಮಾತಿಗೆ ಬರೋಣ. ದನಗಳು ನೀರಿಗಿಳಿದು ತುಳಿದ ದಂಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಬೇರಿಲ್ಲದ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತದೆ. ಹೊಳೆ ಅಗಲವಾಗಿ ತೆಳುವಾಗುತ್ತದೆ, ಬಿಸಿಲಿಗೆ ನೀರು ಕಾದು ಟ್ರೌಟ್ ಮೀನುಗಳಿಗೆ ಉಸಿರು ಕಟ್ಟುತ್ತದೆ. ಬೇರು ತುಂಬಿದ ದಂಡೆ ಹಾಗಲ್ಲ. ಪ್ರವಾಹದಲ್ಲಿ ನೀರು ಹೀರಿ, ಬೇಸಿಗೆಯಲ್ಲಿ ಹನಿಹನಿಯಾಗಿ ಹೊಳೆಗೇ ಮರಳಿಸುತ್ತದೆ. 1992ರಿಂದ 'ಕೌಸ್ ಅಂಡ್ ಫಿಶ್' ಎಂಬ ಕಾರ್ಯಕ್ರಮ ಪಶುಪಾಲಕರ ಜೊತೆ ಇಂಥ ದಂಡೆ ಉಳಿಸುವ ಕೆಲಸ ಮಾಡುತ್ತಿದೆ. ದಂಡೆಯಿಂದ ದೂರದಲ್ಲಿ ದನಗಳಿಗೆ ನೀರಿನ ವ್ಯವಸ್ಥೆ ಮಾಡುವುದೂ ಇಂಥ ಪ್ರಯತ್ನಗಳಲ್ಲೊಂದು. ಅಲ್ಲಿ ಬಳಸುವ ಒಂದು ಪಂಪ್‌ಗೆ ವಿದ್ಯುತ್ತೇ ಬೇಡ: ಹಸು ಮೂತಿಯಿಂದ ಸನ್ನೆಗೋಲನ್ನು ತಳ್ಳಿದರೆ ನೆಲದಾಳದ ಬಾವಿಯಿಂದ ನೀರು ಮೇಲೇರುತ್ತದೆ, ಕೊರೆಯುವ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಒಂದು ಹಸು ಕಲಿತರೆ ಉಳಿದವು ನೋಡಿ ಕಲಿಯುತ್ತವೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಛಾವಣಿಯ ಮಳೆನೀರನ್ನು ಪೀಪಾಯಿಗೆ ಹಿಡಿದು ತೋಟಕ್ಕೆ ಬಳಸಿ. ರಸ್ತೆಬದಿಯ ಚರಂಡಿ ಬಾಯಿಯ ಪಕ್ಕ ಹಳದಿ ಮೀನಿನ ಚಿತ್ರ ಕಂಡಿರಬಹುದು. 1991ರಲ್ಲಿ ಶುರುವಾದ ಅಭಿಯಾನವೊಂದರಲ್ಲಿ ಶಾಲಾಮಕ್ಕಳು ಬರೆಯುತ್ತಾ ಬಂದ ಗುರುತು ಅದು. ಆ ಚರಂಡಿಯ ನೀರು ಬಹುತೇಕ ಕಡೆ ಶುದ್ಧೀಕರಣವಿಲ್ಲದೆ ನದಿ ಸೇರುತ್ತದೆ. ಹಾಗಾಗಿ ಮನೆಯ ಮುಂದೆ ಸೋಪು ಹಚ್ಚಿ ಕಾರು ತೊಳೆಯಬೇಡಿ.

ನೆಡುವ ದಿನ ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡು ಹೋಗಿ. ವಿಲೋವನ್ನು ಚಿಗುರುವ ಮೊದಲೇ ಕಡಿದ, ಹೆಬ್ಬೆರಳು ದಪ್ಪದ ಕಡ್ಡಿಯಿಂದಲೇ ಬೆಳೆಸಬಹುದು. ಮೂರರಲ್ಲಿ ಎರಡು ಪಾಲು ಮಣ್ಣೊಳಗಿರಲಿ, ಕೆಳತುದಿ ತೇವ ಮುಟ್ಟಲಿ. ಮೊಗ್ಗುಗಳು ಮೇಲ್ಮುಖವಾಗಿವೆಯೇ ಎಂದು ಪ್ರತಿ ಕಡ್ಡಿಯನ್ನೂ ನೋಡಿಯೇ ಇಳಿಸಿ.