ಗಂಟೆಗೆ ಎಷ್ಟು ಕ್ಯೂಸೆಕ್, ಮೇಷ್ಟ್ರೇ?

ಪ್ರಿಯ ಮೇಷ್ಟ್ರೇ,

ಪಾಂಡವಪುರದಿಂದ ನೀವು ಕಳಿಸಿದ 'ಕೈಗಾದ ಬೆಳಕು, ಕೈಗಾದ ನೆರಳು' ಲೇಖನ ತಲುಪಿ ಮೂರು ವಾರ ಆಯಿತು. ಉತ್ತರ ತಡವಾಯಿತು, ಕ್ಷಮಿಸಿ. ಹಗಲೆಲ್ಲ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ರಾತ್ರಿ ಕೂತು ಹನ್ನೊಂದು ಪುಟ ಬರೆದಿದ್ದೀರಿ. ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ನಿಮ್ಮ ತಂದೆಯವರ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ ತೋರಿಸಿ, 'ಅಣುಸ್ಥಾವರದಲ್ಲೂ ಒಲೆ ಬೇರೆ ಅಷ್ಟೇ, ಕೆಲಸ ನೀರು ಕಾಯಿಸುವುದೇ' ಎಂದ ಜಾಗ ನನಗೆ ಇಷ್ಟವಾಯಿತು. ಆದರೆ ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಎರಡು ವಾಕ್ಯಗಳು ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ.

ಮೊದಲನೆಯದು ಎರಡನೇ ಪುಟದ್ದು: 'ಕೈಗಾದ ನಾಲ್ಕು ಘಟಕಗಳು ಸೇರಿ ಗಂಟೆಗೆ 880 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುತ್ತವೆ.'

880 ಸರಿ. ಒಂದೊಂದು ಘಟಕ 220, ನಾಲ್ಕು ಸೇರಿದರೆ ಅಷ್ಟೇ ಆಗುತ್ತದೆ. ನನ್ನ ತಕರಾರು 'ಗಂಟೆಗೆ' ಎಂಬ ಮಾತಿನ ಮೇಲೆ.

ನೀವಿರುವುದು ವಿಶ್ವೇಶ್ವರಯ್ಯ ನಾಲೆಯ ಸೀಮೆಯಲ್ಲಿ. ಮಳೆಗಾಲದಲ್ಲಿ ನಿಮ್ಮೂರ ಟೀ ಅಂಗಡಿಯಲ್ಲಿ ಪೇಪರ್ ಹಿಡಿದವರು ಮೊದಲು ಏನು ನೋಡುತ್ತಾರೆ? ಕೆಆರ್‌ಎಸ್ ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಕ್ಯೂಸೆಕ್, ಸಂಗ್ರಹ ಎಷ್ಟು ಟಿಎಂಸಿ. ಅಲ್ಲಿ ಯಾರಾದರೂ 'ಗಂಟೆಗೆ ಹತ್ತು ಸಾವಿರ ಕ್ಯೂಸೆಕ್ ಬಿಟ್ಟವ್ರಂತೆ' ಎಂದರೆ ಪಕ್ಕದಲ್ಲಿ ಕೂತ ರೈತರೇ ತಿದ್ದುತ್ತಾರೆ. ಕ್ಯೂಸೆಕ್ ಅಂದರೇ ಸೆಕೆಂಡಿಗೆ ಒಂದು ಘನ ಅಡಿ. ಅದು ಹರಿಯುವ ನೀರಿನ ಲೆಕ್ಕ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅದು ಕೂಡಿಟ್ಟ ನೀರಿನ ಲೆಕ್ಕ. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಆಗುತ್ತದೆ.

ವ್ಯಾಟ್ ಕೂಡ ಕ್ಯೂಸೆಕ್ ಥರವೇ. ಸೆಕೆಂಡಿಗೆ ಒಂದು ಜೂಲ್. 'ಸೆಕೆಂಡಿಗೆ' ಎನ್ನುವುದು ಅದರ ಹೊಟ್ಟೆಯೊಳಗೇ ಇದೆ. 880 ಮೆಗಾವ್ಯಾಟ್ ಒಂದು ಗಂಟೆ ಹರಿದರೆ 880 ಮೆಗಾವ್ಯಾಟ್-ಗಂಟೆ, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 8,80,000 ಯೂನಿಟ್. 'ಗಂಟೆಗೆ 880 ಮೆಗಾವ್ಯಾಟ್' ಎಂದರೆ ಆ ಹರಿವು ಗಂಟೆಗಂಟೆಗೂ ಅಷ್ಟಷ್ಟು ಏರುತ್ತಲೇ ಹೋಗುತ್ತದೆ ಎಂದಾಗುತ್ತದೆ.

ಇದು ಸಣ್ಣ ತಪ್ಪು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಐದನೇ ಪುಟಕ್ಕೆ ಬರುವಾಗ ಅದು ಬೆಳೆದು ನಿಂತಿದೆ. 'ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಆದ್ದರಿಂದ ಕೈಗಾಕ್ಕಿಂತ ಎರಡು ಪಟ್ಟು ಜಾಸ್ತಿ ಕರೆಂಟ್ ಕೊಡುತ್ತದೆ' ಎಂದು ಬರೆದಿದ್ದೀರಿ. ಸಂಜೆ ಸೂರ್ಯ ಮುಳುಗಿದ ಮೇಲೆ ಪಾವಗಡದ ಹರಿವು ಎಷ್ಟು? ಸೊನ್ನೆ ಅಲ್ವಾ? ಕೈಗಾದ ಮೊದಲನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಂದು ಸಲವೂ ನಿಲ್ಲದೆ ನಡೆದಿತ್ತು. ತೂಬಿನ ಅಗಲ ನೋಡಿ ಗದ್ದೆಗೆ ಎಷ್ಟು ನೀರು ಬಂತು ಅಂತ ಹೇಳಲು ಆಗುವುದಿಲ್ಲ. ಎಷ್ಟು ಹೊತ್ತು ತೂಬು ಎತ್ತಿದ್ದರು ಅಂತ ಕೇಳಬೇಕು. ಸೋಲಾರ್ ಮೇಲೋ ಅಣು ಮೇಲೋ ಎಂಬ ವಾದ ಆಮೇಲೆ ಮಾಡೋಣ. ಮೊದಲು ಲೆಕ್ಕದ ಕೊಳಗ ಸರಿ ಇರಬೇಕು.

ನನಗೂ ಇದನ್ನು ಒಬ್ಬರು ಕೂರಿಸಿಕೊಂಡು ಕಲಿಸಿದ್ದಾರೆ. 1984ರಲ್ಲಿ, ಬಿಎಸ್ಸಿ ಮುಗಿಸಿದ ಹೊಸತು, ಶಿವನಸಮುದ್ರದ ಬಗ್ಗೆ ಒಂದು ಲೇಖನ ಬರೆದೆ. 1902ರಲ್ಲಿ ಅಲ್ಲಿನ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋದ ಕಥೆ. ಮೈಸೂರಿನ ಒಂದು ಪುಟ್ಟ ಮಾಸಿಕದ ಸಂಪಾದಕರಿಗೆ ಕೊಟ್ಟೆ. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿದ್ದವರು, ಸರಸ್ವತೀಪುರಂನಲ್ಲಿ ಮನೆ. ನಾನೂ ನಿಮ್ಮ ಹಾಗೇ 'ಗಂಟೆಗೆ ಇಷ್ಟು ಕಿಲೋವ್ಯಾಟ್' ಎಂದು ಬರೆದಿದ್ದೆ. ಅವರು ಏನೂ ಬೈಯಲಿಲ್ಲ. ಹಾಳೆ ಮಡಚಿ, ಜಗಲಿಯ ಮೀಟರ್ ಮುಂದೆ ಸ್ಟೂಲ್ ಹಾಕಿ ಕೂರಿಸಿದರು. ಕಪ್ಪು ಪೆಟ್ಟಿಗೆ, ಗಾಜಿನ ಹಿಂದೆ ಅಲ್ಯೂಮಿನಿಯಂ ತಟ್ಟೆ, ಅದರ ಅಂಚಿನಲ್ಲಿ ಒಂದು ಕೆಂಪು ಗುರುತು. ಒಂದು ಯೂನಿಟ್‌ಗೆ 600 ಸುತ್ತು ಅಂತ ಮೇಲೆ ಬರೆದಿತ್ತು. ಮನೆಯ ದೀಪವೆಲ್ಲ ಆರಿಸಿ, 100 ವ್ಯಾಟಿನ ಒಂದೇ ಬಲ್ಬು ಹಾಕಿದರು. ಕೈಗಡಿಯಾರ ಬಿಚ್ಚಿ ಕೊಟ್ಟು, 'ಕೆಂಪು ಗುರುತು ಎಷ್ಟು ಹೊತ್ತಿಗೆ ಬರುತ್ತೆ ನೋಡಪ್ಪ' ಎಂದರು. ಸರಿಯಾಗಿ ಒಂದು ನಿಮಿಷ. ಆಮೇಲೆ ಬಲ್ಬು ಆರಿಸಿ, ಅಡುಗೆಮನೆಯಲ್ಲಿ 1,000 ವ್ಯಾಟಿನ ಕಾಯಿಲ್ ಒಲೆ ಹಚ್ಚಿಸಿದರು. ತಟ್ಟೆ ಓಡತೊಡಗಿತು. ಆರಾರು ಸೆಕೆಂಡಿಗೆ ಕೆಂಪು, ಕೆಂಪು, ಕೆಂಪು. 'ಓಡೋ ವೇಗ ವ್ಯಾಟು. ಓಡಿದ ಸುತ್ತು ಯೂನಿಟ್ಟು. ಈಗ ಹೋಗಿ ಬರಿ' ಎಂದರು. ಆ ಲೇಖನವನ್ನು ನಾಲ್ಕು ಸಲ ಬರೆಸಿದರು. ಇವತ್ತಿಗೂ ಮೆಗಾವ್ಯಾಟ್ ಎಂಬ ಪದ ಕಂಡಾಗ ನನ್ನ ಕಣ್ಣ ಮುಂದೆ ಬರುವುದು ಆ ತಟ್ಟೆಯೇ.

ಎರಡನೇ ವಾಕ್ಯ ಏಳನೇ ಪುಟದ್ದು. ಇದನ್ನು ಓದಿ ನಿಜಕ್ಕೂ ಸಂಕಟವಾಯಿತು: 'ಕೈಗಾದಿಂದ ವಿಕಿರಣ ಸೋರಿದರೆ, ಅದು ತಾಗಿದ ವ್ಯಕ್ತಿ ತಾನೇ ವಿಕಿರಣ ಹರಡುವ ಮೂಲವಾಗಿ ಮನೆಮಂದಿಗೆಲ್ಲ ಅಪಾಯವಾಗುತ್ತಾನೆ.'

ನಮ್ಮ ಚಿಕ್ಕಮ್ಮನಿಗೆ ಎದೆಯ ಕ್ಯಾನ್ಸರ್ ಆಗಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋಗಿ 'ಕರೆಂಟ್' ಕೊಡಿಸಿಕೊಂಡು ಬಂದರು. ಹೊರಗಿನಿಂದ ಕಿರಣ ಹಾಯಿಸುವ ಚಿಕಿತ್ಸೆ. ಊರಿಗೆ ಬಂದ ಮೇಲೆ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ. ಮೊಮ್ಮಗ ತೊಡೆ ಮೇಲೆ ಹತ್ತಲು ಹೋದರೆ ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಚಿಕ್ಕಮ್ಮ ಇನ್ನೂ ಎರಡು ವರ್ಷ ಬದುಕಿದ್ದರು. ಆ ಮಗುವನ್ನು ಒಂದು ದಿನವೂ ಎತ್ತಿಕೊಳ್ಳಲಿಲ್ಲ. ಮನೆಯವರು ಕೆಟ್ಟವರಲ್ಲ, ಮೇಷ್ಟ್ರೇ. ನಿಮ್ಮ ಈ ವಾಕ್ಯವನ್ನೇ ಯಾರೋ ತಿಳಿದವರು ಅವರಿಗೆ ಹೇಳಿದ್ದರು.

ನಿಮ್ಮ ಆಲೆಮನೆಗೇ ವಾಪಸ್ ಹೋಗಿ. ಒಲೆಯ ಮುಂದೆ ಕೂತರೆ ಮೈ ಕಾಯುತ್ತದೆ. ತೀರಾ ಹತ್ತಿರ ಹೋದರೆ ಸುಟ್ಟೂ ಹೋಗುತ್ತದೆ. ಆದರೆ ಎದ್ದು ಮನೆಗೆ ಬಂದವನ ಮೈಯಿಂದ ಬೇರೆಯವರು ಸುಡುವುದಿಲ್ಲ. ಕೆಂಡವೇ ಸಿಡಿದು ಪಂಚೆಗೆ ಅಂಟಿಕೊಂಡರೆ ಮಾತು ಬೇರೆ. ಅದು ಅವನ ಜೊತೆಗೇ ಬರುತ್ತದೆ. ವಿಕಿರಣ ಅಂದರೆ ಕಾವು, ವಿಕಿರಣಶೀಲ ವಸ್ತು ಅಂದರೆ ಕೆಂಡ. ಚಿಕ್ಕಮ್ಮನಿಗೆ ತಾಗಿದ್ದು ಕಾವು ಮಾತ್ರ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ನುಂಗಿಸುತ್ತಾರಲ್ಲ, ಅಲ್ಲಿ ಕೆಂಡ ಒಳಗೇ ಹೋಗಿರುತ್ತದೆ. ಅವರು ಕೆಲವು ದಿನ ಮಕ್ಕಳಿಂದ ದೂರ ಇರಬೇಕು. (ರಿಯಾಕ್ಟರಿನೊಳಗಿನ ನ್ಯೂಟ್ರಾನುಗಳು ಕಬ್ಬಿಣವನ್ನೂ ವಿಕಿರಣಶೀಲ ಮಾಡಬಲ್ಲವು. ಅದಕ್ಕೆ ಬೇರೆ ಪ್ಯಾರಾ ಬರೆಯಿರಿ, ಇದರೊಳಗೆ ಬೆರೆಸಬೇಡಿ.)

ಹಾಗಾಗಿ ಸೋರುವುದು ವಿಕಿರಣವಲ್ಲ, ವಸ್ತು. ಯಾವ ವಸ್ತು ಅಂತ ಹೆಸರು ಹಿಡಿದು ಬರೆಯಿರಿ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ ಅಣುಸ್ಥಾವರದಲ್ಲಿ ಸ್ಫೋಟವಾದಾಗ ಹೊರಬಿದ್ದವುಗಳಲ್ಲಿ ಅಯೋಡಿನ್-131 ಒಂದು. ಅದು ಹುಲ್ಲಿನ ಮೇಲೆ ಕೂತಿತು. ಹಸು ಮೇಯಿತು. ಹಾಲಿಗೆ ಇಳಿಯಿತು. ಹಾಲು ಕುಡಿದ ಮಕ್ಕಳ ಥೈರಾಯ್ಡ್ ಸೇರಿತು. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಬೇಕಾದ ಕಾಲ, ಎಂಟೇ ದಿನ. ಕೆಲವು ವಾರ ಆ ಹಾಲು ಕುಡಿಸದೆ ಇದ್ದಿದ್ದರೆ ಎಷ್ಟೋ ಮಕ್ಕಳಿಗೆ ಕ್ಯಾನ್ಸರ್ ಬರುತ್ತಿರಲಿಲ್ಲ. ಸೀಸಿಯಂ-137 ಹಾಗಲ್ಲ, ಅರ್ಧ ಕರಗಲು 30 ವರ್ಷ ಬೇಕು. ಇಷ್ಟು ಹೇಳಿದರೆ ಓದಿದ ತಾಯಿಗೆ ತಾನೇನು ಮಾಡಬೇಕು ಅಂತ ಗೊತ್ತಾಗುತ್ತದೆ. ಸುಮ್ನೆ 'ವಿಕಿರಣ ಸೋರಿಕೆ' ಎಂದರೆ ಅವಳಿಗೆ ಉಳಿಯುವುದು ಹೆದರಿಕೆ ಒಂದೇ.

ನೀವು ಅಣುವಿದ್ಯುತ್ತಿನ ವಿರುದ್ಧ ಬರೆದಿದ್ದಕ್ಕೆ ನನ್ನ ಆಕ್ಷೇಪ ಇಲ್ಲ. ವಿರುದ್ಧವೇ ಬರೆಯಿರಿ. ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಎರಡು, ಐದು ಮತ್ತು ಏಳನೇ ಪುಟ ಮಾತ್ರ ಮತ್ತೆ ಬರೆದು ಕಳಿಸಿ. ಅದಕ್ಕೆ ಮೊದಲು ಹತ್ತನೇ ತರಗತಿ ಮಕ್ಕಳನ್ನು ನಿಮ್ಮ ಶಾಲೆಯ ಮೀಟರ್ ಹತ್ತಿರ ಕರೆದುಕೊಂಡು ಹೋಗಿ. ಈಗ ತಟ್ಟೆ ಇಲ್ಲ, ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕಬೇಕು ಅಂತ ಅಲ್ಲೇ ಬರೆದಿರುತ್ತಾರೆ. ಒಂದು ಫ್ಯಾನ್ ಹಾಕಿ ಎಣಿಸಲು ಹೇಳಿ. ಮಕ್ಕಳು ಎಷ್ಟು ಎಣಿಸಿದರು ಅಂತ ಲೇಖನದ ಜೊತೆ ಒಂದು ಚೀಟಿಯಲ್ಲಿ ನನಗೂ ಬರೆದು ಕಳಿಸಿ.

ನಿಮ್ಮ,
ಸಂಪಾದಕ, ಮೈಸೂರು